ಕತ್ತರಿ ಹಾಕದ ಜಾಗದಲ್ಲಿ ಕಾಣುವ ದೆವ್ವ

ಭಯದ ಚಿತ್ರವನ್ನು ಸಂಕಲನ ಮಾಡಲು ಕುಳಿತವರ ಕೈಗೆ ಮೊದಲು ಸಿಗುವ ಆಯುಧವೆಂದರೆ ಕಟ್. ಖಾಲಿ ಕೋಣೆಯ ಒಂದು ಶಾಟ್, ಹೆದರಿದ ಮುಖದ ಇನ್ನೊಂದು, ಮತ್ತೆ ಅದೇ ಕೋಣೆಗೆ ಬಂದರೆ ಅಲ್ಲಿ ದೆವ್ವ, ಜೊತೆಗೆ ಹಿನ್ನೆಲೆ ಸಂಗೀತದ ಒಂದು ಏಟು. ಇಷ್ಟಾದರೆ ಪ್ರೇಕ್ಷಕ ಕುರ್ಚಿಯಲ್ಲಿ ಬೆಚ್ಚಿಬೀಳುತ್ತಾನೆ. ಆದರೆ ಎರಡನೆಯ ಸಲ ನೋಡುವಾಗ ಏಟು ಎಲ್ಲಿ ಬೀಳುತ್ತದೆಂದು ಅವನಿಗೆ ಗೊತ್ತಿರುತ್ತದೆ, ಆಟ ಅಲ್ಲಿಗೆ ಮುಗಿಯುತ್ತದೆ. 1950 ಮತ್ತು 60ರ ದಶಕದ ಜಪಾನಿ ದೆವ್ವದ ಚಿತ್ರಗಳನ್ನು ಜನ ಇಂದಿಗೂ ಮತ್ತೆ ಮತ್ತೆ ನೋಡುತ್ತಿದ್ದಾರೆಂದರೆ, ಅವುಗಳ ಭಯ ಕಟ್‌ನೊಳಗೆ ಅಡಗಿಲ್ಲದಿರುವುದೇ ಅದಕ್ಕೆ ಮುಖ್ಯ ಕಾರಣವೆಂದು ಸಂಕಲನಕಾರನಾಗಿ ನನ್ನ ಅಭಿಪ್ರಾಯ.

ಕೆಂಜಿ ಮಿಜೊಗುಚಿ 1953ರಲ್ಲಿ ನಿರ್ದೇಶಿಸಿದ ‘ಉಗೆತ್ಸು ಮೊನೊಗತಾರಿ’ಯ ಕೊನೆಯ ಭಾಗದ ಒಂದು ಶಾಟನ್ನು ನನ್ನ ಸಹಾಯಕರಿಗೆ ತಪ್ಪದೆ ತೋರಿಸುತ್ತೇನೆ. ಯುದ್ಧಕಾಲದಲ್ಲಿ ಮಡಕೆ ಮಾರಿ ಹಣ ಮಾಡುವ ಆಸೆಗೆ ಹೆಂಡತಿ ಮಗುವನ್ನು ಬಿಟ್ಟುಹೋಗಿದ್ದ ಕುಂಬಾರ ಗೆಂಜುರೊ, ಪಟ್ಟಣದಲ್ಲಿ ಹೆಣ್ಣು ದೆವ್ವವೊಂದರ ಮೋಹಕ್ಕೆ ಸಿಕ್ಕಿ ಬಿಡಿಸಿಕೊಂಡು, ರಾತ್ರಿಯ ಹೊತ್ತು ಊರಿಗೆ ಮರಳುತ್ತಾನೆ. ಮನೆ ಕತ್ತಲಾಗಿದೆ, ಒಲೆ ಆರಿದೆ. ಹೆಂಡತಿ ಮಿಯಾಗಿಯ ಹೆಸರು ಕೂಗುತ್ತ ಅವನು ಹಿಂಬಾಗಿಲಿನಿಂದ ಹೊರಗೆ ಹೋಗಿ ಮನೆಯನ್ನು ಸುತ್ತಿ ಬರುತ್ತಾನೆ. ಒಳಗೇ ಉಳಿದ ಕ್ಯಾಮೆರಾ ಕಿಟಕಿಗಳ ಮೂಲಕ ಅವನನ್ನು ಹಿಂಬಾಲಿಸುತ್ತ ನಿಧಾನವಾಗಿ ತಿರುಗಿ, ಆಗಷ್ಟೇ ಬರಿದಾಗಿದ್ದ ಒಲೆಯ ಕಡೆಗೆ ಬಂದಾಗ ಅಲ್ಲಿ ಬೆಂಕಿ ಉರಿಯುತ್ತಿದೆ, ಮಿಯಾಗಿ ಅಡುಗೆ ಮಾಡುತ್ತ ಕುಳಿತಿದ್ದಾಳೆ. ನಡುವೆ ಒಂದೇ ಒಂದು ಕಟ್ ಇಲ್ಲ. ಕ್ಯಾಮೆರಾ ಅತ್ತ ತಿರುಗಿದ್ದ ಆ ಕೆಲವೇ ಸೆಕೆಂಡುಗಳಲ್ಲಿ ಬೆಂಕಿ, ಬೆಳಕು, ನಟಿ ಕಿನುಯೊ ತನಾಕಾ ಎಲ್ಲವೂ ಸದ್ದಿಲ್ಲದೆ ಸಿದ್ಧವಾಗಬೇಕಿತ್ತೆಂಬುದನ್ನು ಯೋಚಿಸಿದರೆ ಛಾಯಾಗ್ರಾಹಕ ಕಝುವೊ ಮಿಯಾಗಾವಾ ಅವರಿಗೆ ಕೈಮುಗಿಯಬೇಕೆನಿಸುತ್ತದೆ.

ಹಸಿದ ಸೈನಿಕರ ಭರ್ಜಿ ಮಿಯಾಗಿಗೆ ನಾಟಿದ್ದನ್ನು ನಾವು ಹಿಂದೆಯೇ ನೋಡಿದ್ದೇವೆ. ಗಂಡನಿಗೆ ಅದು ತಿಳಿಯದು. ಈ ಜಾಗದಲ್ಲಿ ಕಟ್ ಮಾಡಿದ್ದರೆ, ಇದು ಅವನ ಕನಸೆಂದೋ ಭ್ರಮೆಯೆಂದೋ ಹೇಳಿ ನಾವು ತಪ್ಪಿಸಿಕೊಳ್ಳಬಹುದಿತ್ತು. ಖಾಲಿ ಮನೆಯೂ ಬೆಚ್ಚಗಿನ ಮನೆಯೂ ಒಂದೇ ಶಾಟ್‌ನಲ್ಲಿರುವುದರಿಂದ ಆ ದಾರಿ ಮುಚ್ಚಿಹೋಗುತ್ತದೆ. ನಾವು ಹೆದರುವುದಕ್ಕೆ ಬದಲಾಗಿ ಅವಳು ಬದುಕಿರಲಿ ಎಂದು ಹಾರೈಸತೊಡಗುತ್ತೇವೆ.

ಜಪಾನಿನಲ್ಲಿ ದೆವ್ವದ ಕಥೆಗೆ ಬೇಸಿಗೆಯೇ ಕಾಲ. ಪಿತೃಗಳು ಮನೆಗೆ ಬರುತ್ತಾರೆಂದು ನಂಬುವ ಓಬೊನ್ ಹಬ್ಬ ಬರುವುದು ಆಗಲೇ, ಮತ್ತು ಕಬುಕಿ ರಂಗಭೂಮಿಯವರು ಹಾಕಿಕೊಟ್ಟ ಈ ರೂಢಿಯನ್ನು ಸ್ಟುಡಿಯೋಗಳೂ ಮುಂದುವರಿಸಿದವು. ನಾಲ್ಕನೆಯ ತ್ಸುರುಯಾ ನಂಬೊಕು ಬರೆದು 1825ರಲ್ಲಿ ಎದೊ ನಗರದಲ್ಲಿ ಮೊದಲು ಆಡಿದ ಯೊತ್ಸುಯಾದ ದೆವ್ವದ ನಾಟಕವನ್ನು 1959ರ ಒಂದೇ ಬೇಸಿಗೆಯಲ್ಲಿ ಎರಡು ಸ್ಟುಡಿಯೋಗಳು ಚಿತ್ರ ಮಾಡಿ ಬಿಡುಗಡೆ ಮಾಡಿದವು. ಅವುಗಳಲ್ಲಿ ನೊಬುವೊ ನಕಗಾವಾ ಅವರದೇ ಹೆಚ್ಚು ಗಟ್ಟಿಯಾದದ್ದು. ಬಡ ಸಮುರಾಯ್ ಇಯೆಮೊನ್, ಓಯಿವಾಳನ್ನು ಮದುವೆಯಾಗಲು ಅಡ್ಡಬಂದ ಅವಳ ತಂದೆಯನ್ನು ಕೊಲ್ಲುವ ಆರಂಭದ ದೃಶ್ಯವೇ ಒಂದು ದೀರ್ಘ ಶಾಟ್. ಇಲ್ಲಿ ದೆವ್ವವನ್ನಷ್ಟೇ ಅಲ್ಲ, ಅನ್ಯಾಯವನ್ನೂ ತುಂಡರಿಸದೆ ತೋರಿಸಲಾಗಿದೆ. ಮುಂದೆ ಸಿರಿವಂತರ ಮಗಳನ್ನು ಮದುವೆಯಾಗುವ ಆಸೆಗೆ ಅವನು ಹೆಂಡತಿಗೆ ಔಷಧವೆಂದು ವಿಷ ಕೊಡುತ್ತಾನೆ. ಮುಖ ವಿಕಾರಗೊಂಡ ಓಯಿವಾ ಕೂದಲು ಬಾಚಿಕೊಳ್ಳತೊಡಗಿದಾಗ ರಕ್ತದೊಂದಿಗೆ ಹಿಡಿಹಿಡಿಯಾಗಿ ಕೂದಲು ಕಿತ್ತುಬರುವ ದೃಶ್ಯ ಕಬುಕಿಯಿಂದ ಬಂದದ್ದು. ಆಗ ಅವಳಿನ್ನೂ ಜೀವಂತವಾಗಿದ್ದಾಳೆಂಬುದನ್ನು ಗಮನಿಸಬೇಕು: ಅತ್ಯಂತ ಭಯಂಕರವಾದ ಚಿತ್ರ ಸಾವಿಗೂ ಮೊದಲೇ ಬಂದುಹೋಗಿದೆ. ಆಮೇಲೆ ಅವಳು ದೆವ್ವವಾಗಿ ಎದ್ದು ಬಂದಾಗ, ಬರಬೇಕಾದದ್ದೇ ಬಂತೆಂದು ಪ್ರೇಕ್ಷಕನಿಗೆ ಅನಿಸುತ್ತದೆ.

ಶಬ್ದದ ವಿಷಯಕ್ಕೆ ಬಂದರೆ ಮಸಾಕಿ ಕೊಬಾಯಾಶಿ ಅವರ ‘ಕ್ವೈದಾನ್’ಗೆ (1964) ಸಾಟಿಯಾದದ್ದನ್ನು ನಾನು ಕೇಳಿಲ್ಲ. ಲಾಫ್ಕಾಡಿಯೊ ಹರ್ನ್ ಸಂಗ್ರಹಿಸಿದ ಕಥೆಗಳನ್ನು ಆಧರಿಸಿದ, ನಾಲ್ಕು ಭಾಗಗಳ ಈ ಚಿತ್ರದ ಮೊದಲ ಕಥೆಯಲ್ಲಿ, ನೇಯ್ಗೆಯಿಂದ ತನ್ನನ್ನು ಸಾಕುತ್ತಿದ್ದ ಹೆಂಡತಿಯನ್ನು ತೊರೆದು ಹೋದ ಸಮುರಾಯ್ ವರ್ಷಗಳ ಬಳಿಕ ಮರಳುತ್ತಾನೆ. ಅವಳು ಕ್ಷಮಿಸುತ್ತಾಳೆ, ಬೆಳಗಾದಾಗ ಪಕ್ಕದಲ್ಲಿರುವುದು ಎಲುಬು ಮತ್ತು ಕಪ್ಪು ಕೂದಲು. ಅವನು ದಿಕ್ಕೆಟ್ಟು ಓಡುವಾಗ ಕಾಲ ಕೆಳಗಿನ ಕೊಳೆತ ಹಲಗೆ ಕುಸಿಯುತ್ತದೆ, ಸದ್ದಿಲ್ಲ. ಸಂಗೀತಗಾರ ತೊರು ತಾಕೆಮಿತ್ಸು ಮರ ಸೀಳುವ ಸದ್ದನ್ನು ರೆಕಾರ್ಡ್ ಮಾಡಿ, ಮಾರ್ಪಡಿಸಿ, ದೃಶ್ಯದೊಂದಿಗೆ ತಾಳೆಯಾಗದ ಕಡೆಗಳಲ್ಲಿ ಇಟ್ಟಿದ್ದಾರೆ. ನಮ್ಮ ರೀ-ರೆಕಾರ್ಡಿಂಗ್‌ನಲ್ಲಿ ಇಂಥ ಟ್ರ್ಯಾಕ್ ಬಂದರೆ ‘ಸಿಂಕ್ ತಪ್ಪಿದೆ’ ಎಂದು ಹಿಂದಕ್ಕೆ ಕಳುಹಿಸುತ್ತಾರೆ. ಇಲ್ಲಿ ಆ ತಪ್ಪುವಿಕೆಯಿಂದಲೇ ಆ ಮನುಷ್ಯನ ಪ್ರಪಂಚ ಹಳಿ ತಪ್ಪಿರುವುದು ಗೊತ್ತಾಗುತ್ತದೆ.

ಕನೆತೊ ಶಿಂದೊ ಅವರ ‘ಕುರೊನೆಕೊ’ (1968) ಸೈನಿಕರ ಅತ್ಯಾಚಾರಕ್ಕೆ ಬಲಿಯಾದ ಅತ್ತೆ ಸೊಸೆಯರ ಸೇಡಿನ ಕಥೆ. ಅದರ ದ್ವಿತೀಯಾರ್ಧ ಸ್ವಲ್ಪ ಎಳೆದಂತಿದ್ದರೂ ಬಿದಿರಮೆಳೆಯ ಕಪ್ಪು-ಬಿಳುಪು ಛಾಯಾಗ್ರಹಣಕ್ಕಾಗಿಯಾದರೂ ನೋಡಬೇಕು. ಹಿದೆಯೊ ನಕಾತಾ 1998ರಲ್ಲಿ ‘ರಿಂಗು’ ಮಾಡಿದಾಗ, ಟಿವಿ ಪರದೆಯಿಂದ ತೆವಳಿ ಬರುವ ಸದಾಕೊಗೆ ಮುಖ ಮುಚ್ಚಿದ ಕೂದಲು, ಬಿಳಿ ಉಡುಪು, ಬಾವಿ ಎಲ್ಲವೂ ಹಳೆಯ ಕಥೆಗಳಿಂದಲೇ ಬಂದವು. ಅವಳ ವಿಚಿತ್ರ ನಡಿಗೆಗಾಗಿ ನಟಿಯನ್ನು ಹಿಮ್ಮುಖವಾಗಿ ನಡೆಸಿ ಫಿಲ್ಮನ್ನು ತಿರುಗಿಸಿ ಓಡಿಸಿದರು. ಅನಂತರ ಬಂದ ಅನುಕರಣೆಗಳಲ್ಲಿ ಬಹುಪಾಲು ಕೂದಲನ್ನು ಎತ್ತಿಕೊಂಡು ಆ ಹೆಣ್ಣಿಗಾದ ಅನ್ಯಾಯವನ್ನು ಬಿಟ್ಟುಬಿಟ್ಟವು.

ಹೊಸಬರು ‘ಉಗೆತ್ಸು’ವಿನಿಂದ ಆರಂಭಿಸಿ ಅನಂತರ ನಕಗಾವಾ ಚಿತ್ರಕ್ಕೆ ಬರುವುದು ಒಳ್ಳೆಯದು. ‘ಕ್ವೈದಾನ್’ 183 ನಿಮಿಷಗಳ ಚಿತ್ರವಾದರೂ ಕಥೆಗಳು ಬಿಡಿಬಿಡಿಯಾಗಿರುವುದರಿಂದ ರಾತ್ರಿಗೊಂದರಂತೆ ನೋಡಬಹುದು. ಆದರೆ ಫೋನಿನ ಸ್ಪೀಕರ್‌ನಲ್ಲಿ ಬೇಡ, ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ತಾಕೆಮಿತ್ಸು ಮೌನ ಬಿಟ್ಟ ಜಾಗದಲ್ಲಿ ರಸ್ತೆಯ ಹಾರ್ನ್ ಕೇಳಿಸಿದರೆ ಅವರ ಅರ್ಧ ಕೆಲಸ ನಿಮಗೆ ತಲುಪುವುದೇ ಇಲ್ಲ.