‘ಸಫಿಕ್ಸ್ ಸಿಗಲಿಲ್ಲ’ ಅಂತ ಜಿಸಿಸಿ ಬಿಲ್ಡ್ ಯಾಕೆ ನಿಂತುಹೋಗುತ್ತದೆ?

ಪ್ರಶ್ನೆ: ಆರ್ಮ್ ಪ್ರೊಸೆಸರ್ ಇರುವ ಬೋರ್ಡ್‌ಗೆ ಅಂತ ಲ್ಯಾಪ್‌ಟಾಪ್‌ನಲ್ಲಿ ಜಿಸಿಸಿ ಕ್ರಾಸ್ ಕಂಪೈಲರ್ (ಲ್ಯಾಪ್‌ಟಾಪ್‌ನಲ್ಲೇ ಓಡಿ, ಬೋರ್ಡ್‌ಗೆ ಪ್ರೋಗ್ರಾಂ ತಯಾರಿಸುವ ಕಂಪೈಲರ್) ಬಿಲ್ಡ್ ಮಾಡುತ್ತಿದ್ದೇನೆ. ತುಂಬಾ ಹೊತ್ತು ಓಡಿ, ‘ಕ್ಯಾನಾಟ್ ಕಂಪ್ಯೂಟ್ ಸಫಿಕ್ಸ್ ಆಫ್ ಆಬ್ಜೆಕ್ಟ್ ಫೈಲ್ಸ್: ಕ್ಯಾನಾಟ್ ಕಂಪೈಲ್’ ಅಂತ ನಿಂತುಬಿಡುತ್ತದೆ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಕಥೆ. — ಶಿರಾ ಗೇಟ್‌ನಿಂದ ಒಬ್ಬ ಓದುಗರು, ತುಮಕೂರು

ಉತ್ತರ: ನಾಲ್ಕನೇ ಸಲ ಸುಮ್ನೆ ಓಡಿಸಬೇಡಿ. ಆ ಸಫಿಕ್ಸ್ ಮಾತನ್ನು ಮರೆತುಬಿಡಿ, ಕೊನೆಯ ಎರಡು ಪದ ಮಾತ್ರ ನಿಜ. ಈಗಷ್ಟೇ ಹುಟ್ಟಿದ ಕಂಪೈಲರ್‌ಗೆ ‘ಕಾನ್ಫಿಗರ್’ ಅನ್ನುವ ತಪಾಸಣೆ ಸ್ಕ್ರಿಪ್ಟ್ ಒಂದು ಪುಟಾಣಿ ಸಿ ಪ್ರೋಗ್ರಾಂ ಕೊಟ್ಟು, ‘.ಒ’ ಫೈಲ್ (ಆಬ್ಜೆಕ್ಟ್ ಫೈಲ್) ಬರುತ್ತದಾ ಅಂತ ನೋಡುತ್ತದೆ. ಫೈಲೇ ಬರಲಿಲ್ಲ. ಯಾಕೆ ಅನ್ನುವುದು ಆ ಸ್ಕ್ರಿಪ್ಟ್ ಬರೆದಿಡುವ ‘ಕಾನ್ಫಿಗ್ ಡಾಟ್ ಲಾಗ್’ ಫೈಲಿನಲ್ಲಿದೆ.

ಯಾವ ಲಾಗ್? ಆ ಹೆಸರಿನವು ಹಲವು ಇರುತ್ತವೆ. ಬಿಲ್ಡ್ ಫೋಲ್ಡರ್‌ನೊಳಗೆ ಟಾರ್ಗೆಟ್ (ಅಂದರೆ ನಿಮ್ಮ ಬೋರ್ಡ್‌ನ ಬಗೆ) ಹೆಸರಿನ ಫೋಲ್ಡರ್, ಅದರೊಳಗೆ ಲಿಬ್‌ಜಿಸಿಸಿ, ಅಲ್ಲಿರುವುದೇ ನಿಮಗೆ ಬೇಕಾದದ್ದು. ತಳದಿಂದ ಓದಬೇಡಿ, ಅಲ್ಲಿ ಬರೀ ವೇರಿಯಬಲ್‌ಗಳ ರಾಶಿ. ‘ಸಫಿಕ್ಸ್’ ಅಂತ ಹುಡುಕಿ, ಅದರ ಕೆಳಗಿನ ಸಾಲುಗಳನ್ನು ಓದಿ.

ಅಲ್ಲಿ ‘ಆಸ್: ಅನ್‌ರೆಕಗ್ನೈಸ್ಡ್ ಆಪ್ಷನ್’ ಅಂತ ಇದ್ದರೆ, ನಿಮ್ಮ ಲ್ಯಾಪ್‌ಟಾಪ್‌ನ ಅಸೆಂಬ್ಲರ್ (ಕಂಪೈಲರ್ ಬರೆದದ್ದನ್ನು ಯಂತ್ರದ ಕೋಡ್ ಮಾಡುವ ‘ಆಸ್’ ಪ್ರೋಗ್ರಾಂ) ನಡುವೆ ನುಗ್ಗಿದೆ. ಅದಕ್ಕೆ ಬರುವುದು ಇಂಟೆಲ್ ಭಾಷೆ. ಆರ್ಮ್ ಆಪ್ಷನ್ ಕೊಟ್ಟರೆ ಕಣ್ಣು ಕಣ್ಣು ಬಿಡುತ್ತದೆ, ಅಷ್ಟೇ. ಕ್ಯಾತ್ಸಂದ್ರದ ರೂಮಿನಲ್ಲಿ ಕೂತು ನಾನು ಎರಡು ರಾತ್ರಿ ಕಳೆದದ್ದು ಇದಕ್ಕೇ. ಬಿನ್‌ಯುಟಿಲ್ಸ್‌ಗೆ (ಅಸೆಂಬ್ಲರ್, ಲಿಂಕರ್ ಇರುವ ಪ್ಯಾಕೇಜ್) ಕೊಟ್ಟ ಟಾರ್ಗೆಟ್ ಹೆಸರು ‘ಗ್ನುಇಎಬಿಐ’ ಅಂತ ಮುಗಿದಿತ್ತು, ಜಿಸಿಸಿಗೆ ಕೊಟ್ಟದ್ದು ‘ಗ್ನುಇಎಬಿಐಎಚ್‌ಎಫ್’ ಅಂತ. ಎರಡೇ ಅಕ್ಷರ! ಹೆಸರು ಹೊಂದದಿದ್ದರೆ ಜಿಸಿಸಿ ಜಗಳ ಆಡುವುದಿಲ್ಲ, ಪಾತ್‌ನಲ್ಲಿ (ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸಿಕ್ಕ ‘ಆಸ್’ ಅನ್ನೇ ಕರೆದುಬಿಡುತ್ತದೆ. ಅದೇ ನನಗೆ ಜಾಸ್ತಿ ಸಿಟ್ಟು ಬರಿಸಿದ್ದು. ಹಾಗಾಗಿ ಬಿನ್‌ಯುಟಿಲ್ಸ್ ಮೊದಲು ಇನ್‌ಸ್ಟಾಲ್ ಆಗಿರಲಿ, ಎರಡಕ್ಕೂ ಟಾರ್ಗೆಟ್, ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಜಾಗ) ಒಂದೇ ಇರಲಿ, ಆ ಜಾಗದ ಬಿನ್ ಫೋಲ್ಡರ್ ಪಾತ್‌ನ ಮುಂದಿರಲಿ.

‘ಶೇರ್ಡ್ ಲೈಬ್ರರೀಸ್’ ಲೋಡ್ ಆಗಲಿಲ್ಲ ಅಂತ ಇದ್ದು, ಜೊತೆಗೆ ಜಿಎಂಪಿ, ಎಂಪಿಎಫ್‌ಆರ್ ಅಥವಾ ಎಂಪಿಸಿ (ಜಿಸಿಸಿಗೆ ಬೇಕಾದ ಗಣಿತದ ಲೈಬ್ರರಿಗಳು) ಹೆಸರು ಕಂಡರೆ ಕಥೆ ಬೇರೆ. ಅವನ್ನು ನೀವೇ ಬೇರೆ ಜಾಗದಲ್ಲಿ ಬಿಲ್ಡ್ ಮಾಡಿದ್ದೀರಿ, ಅಲ್ವಾ? ಓಡುವಾಗ ಕಂಪೈಲರ್‌ಗೆ ಅವು ಸಿಗುತ್ತಿಲ್ಲ. ಜಿಸಿಸಿ ಸೋರ್ಸ್ ಫೋಲ್ಡರ್‌ನಲ್ಲಿ ನಿಂತು ಕಾಂಟ್ರಿಬ್‌ನಲ್ಲಿರುವ ‘ಡೌನ್‌ಲೋಡ್ ಪ್ರಿರಿಕ್ವಿಸಿಟ್ಸ್’ ಸ್ಕ್ರಿಪ್ಟ್ ಓಡಿಸಿ. ಮೂರನ್ನೂ ಜಿಸಿಸಿಯೇ ತನ್ನ ಜೊತೆ ಬಿಲ್ಡ್ ಮಾಡಿಕೊಳ್ಳುತ್ತದೆ.

ಯಾವುದೇ ಆಗಲಿ, ಸರಿಮಾಡಿದ ಮೇಲೆ ಹಳೇ ಬಿಲ್ಡ್ ಫೋಲ್ಡರ್ ಪೂರ್ತಿ ಅಳಿಸಿ, ಸೋರ್ಸ್‌ನಿಂದ ಹೊರಗೆ ಹೊಸ ಫೋಲ್ಡರ್ ಮಾಡಿ, ಕಾನ್ಫಿಗರ್‌ನಿಂದ ಶುರುಮಾಡಿ. ಹಳೆಯದು ಹಳೇ ಉತ್ತರವನ್ನೇ ನೆನಪಿಟ್ಟುಕೊಂಡಿರುತ್ತದೆ. ಬರೀ ಕರೆಂಟ್ ಹೋಗಿ ನಿಂತಿದ್ದರೆ ಮಾತ್ರ ಇದೆಲ್ಲ ಬೇಡ, ಮತ್ತೆ ‘ಮೇಕ್’ ಕಮಾಂಡ್ ಕೊಟ್ಟರೆ ಸಾಮಾನ್ಯವಾಗಿ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.