ಮೀಡಿಯಾ ಫಿಲ್ ಅಂದರೇನು? ಇಂಜೆಕ್ಷನ್ ತಯಾರಿಸುವ ಕೈಗಳಿಗೊಂದು ಪರೀಕ್ಷೆ

ಬಯೋಟೆಕ್ನಾಲಜಿಯಲ್ಲಿ ಎಂಎಸ್ಸಿ ಮುಗಿಸಿ ಇಂಜೆಕ್ಷನ್ ತಯಾರಿಸುವ ಕಂಪನಿ ಸೇರಿದವರ ಕಿವಿಗೆ ಬೇಗನೆ ಬೀಳುವ ಮಾತು ‘ಮೀಡಿಯಾ ಫಿಲ್’. ಇದರಲ್ಲಿ ಪಾಸಾಗುವವರೆಗೂ ಔಷಧ ತುಂಬುವ ಕೆಲಸಕ್ಕೆ ಕೈ ಹಾಕುವಂತಿಲ್ಲ. ಪೇಪರ್, ಟಿವಿಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಮೀಡಿಯಾ ಅಂದರೆ ಸೂಕ್ಷ್ಮಜೀವಿಗಳು ಚೆನ್ನಾಗಿ ಬೆಳೆಯುವ ಪೋಷಕ ದ್ರವ. ಔಷಧದ ಬದಲು ಆ ದ್ರವವನ್ನೇ ವಯಲ್‌ಗಳಿಗೆ, ಅಂದರೆ ಇಂಜೆಕ್ಷನ್ನಿನ ಪುಟ್ಟ ಗಾಜಿನ ಬಾಟಲಿಗಳಿಗೆ, ತುಂಬುತ್ತಾರೆ, ರಬ್ಬರ್ ಬಿರಡೆ ಹಾಕುತ್ತಾರೆ, ಕನಿಷ್ಠ 14 ದಿನ ಬೆಚ್ಚಗೆ ಇಡುತ್ತಾರೆ. ಆಮೇಲೆ ಯಾವುದರಲ್ಲಾದರೂ ಏನಾದರೂ ಬೆಳೆದಿದೆಯಾ ಅಂತ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ನಿಯಮಗಳ ಪುಸ್ತಕದಲ್ಲಿ ಇದಕ್ಕೆ ‘ಅಸೆಪ್ಟಿಕ್ ಪ್ರೋಸೆಸ್ ಸಿಮ್ಯುಲೇಶನ್’ ಅನ್ನುವ ಉದ್ದನೆಯ ಹೆಸರಿದೆ. ಕೆಲಸದ ಜಾಗದಲ್ಲಿ ಯಾರೂ ಹಾಗೆ ಕರೆಯುವುದಿಲ್ಲ.

ಇಷ್ಟೆಲ್ಲ ಯಾಕೆ ಬೇಕು? ಔಷಧ ತುಂಬಿ ಸೀಲ್ ಮಾಡಿ, ಕೊನೆಗೆ ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡದ ಹಬೆಯ ಯಂತ್ರದಲ್ಲಿ, 121 ಡಿಗ್ರಿ ಬಿಸಿ ಕೊಟ್ಟರೆ ಮುಗಿಯಿತಲ್ವಾ? ಸಲೈನ್ ಬಾಟಲಿಗೆ ಅದು ಸಾಕು. ಆದರೆ ಇನ್ಸುಲಿನ್, ಕ್ಯಾನ್ಸರ್‌ಗೆ ಕೊಡುವ ಆಂಟಿಬಾಡಿ ಔಷಧಗಳು ಪ್ರೊಟೀನ್‌ಗಳು. ಬಿಸಿಗೆ ಇಟ್ಟರೆ ಮೊಟ್ಟೆಯ ಬಿಳಿ ಗಟ್ಟಿಯಾದ ಹಾಗೆ ಅವೂ ಕೆಡುತ್ತವೆ. ಬಹಳಷ್ಟು ಲಸಿಕೆಗಳ ಕತೆಯೂ ಇದೇ. ಹಾಗಾಗಿ ಔಷಧವನ್ನು ಬ್ಯಾಕ್ಟೀರಿಯಾ ತಡೆಯುವ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸುತ್ತಾರೆ. ವಯಲ್, ಬಿರಡೆಗಳನ್ನು ಬೇರೆಯಾಗಿ ಶುದ್ಧ ಮಾಡುತ್ತಾರೆ. ಮೂರನ್ನೂ ತುಂಬಾ ಶುದ್ಧವಾದ ಗಾಳಿಯಲ್ಲಿ ಒಂದುಗೂಡಿಸುತ್ತಾರೆ. ಆ ಹೊತ್ತಿನಲ್ಲಿ ಒಂದು ಬ್ಯಾಕ್ಟೀರಿಯಾ ಒಳಗೆ ಬಿದ್ದರೆ ಅದನ್ನು ಕೊಲ್ಲುವ ಇನ್ನೊಂದು ಹಂತ ಇಲ್ಲ. ಅದು ನೇರವಾಗಿ ರೋಗಿಯ ಮೈಯೊಳಗೆ ಹೋಗುತ್ತದೆ.

ತಯಾರಾದ ಮಾಲನ್ನು ಪರೀಕ್ಷೆ ಮಾಡಿದರಾಯಿತು ಅಂತ ಅನ್ನಿಸಬಹುದು. ಪರೀಕ್ಷೆ ಇದ್ದೇ ಇದೆ, ಸ್ಟೆರಿಲಿಟಿ ಟೆಸ್ಟ್ ಅಂತ. ಆದರೆ ದೊಡ್ಡ ಬ್ಯಾಚ್‌ನಿಂದ ಅದಕ್ಕೆ ತೆಗೆಯುವುದು ಸಾಮಾನ್ಯವಾಗಿ 20 ವಯಲ್. ಸಾವಿರಕ್ಕೊಂದು ವಯಲ್ ಕೆಟ್ಟಿದೆ ಅಂದುಕೊಳ್ಳಿ. ಹತ್ತು ಸಾವಿರದ ಬ್ಯಾಚ್‌ನಲ್ಲಿ ಹತ್ತು ವಯಲ್, ಅಂದರೆ ಹತ್ತು ರೋಗಿಗಳು. ಆ 20ರಲ್ಲಿ ಕೆಟ್ಟದ್ದೊಂದು ಸಿಕ್ಕಿಬೀಳುವ ಸಾಧ್ಯತೆ ನೂರಕ್ಕೆ ಬರೀ ಎರಡು. ಉಳಿದ 98 ಸಲ ಬ್ಯಾಚ್ ಪಾಸು. ಮಾಲನ್ನು ನೋಡಿ ಹೇಳಲಾಗದ್ದನ್ನು ಮಾಲು ತಯಾರಿಸುವ ರೀತಿಯನ್ನು ನೋಡಿ ಹೇಳಬೇಕು. ಮೀಡಿಯಾ ಫಿಲ್ ಹುಟ್ಟಿದ್ದು ಇದಕ್ಕಾಗಿ.

ರೀತಿ ಅಂದರೆ ಇಲ್ಲಿ ಬಹುಪಾಲು ಮನುಷ್ಯರೇ. ಗಾಳಿಗೆ ಹೆಪಾ ಫಿಲ್ಟರ್ ಇದೆ, ನೀರಿಗೆ ಅದರದ್ದೇ ವ್ಯವಸ್ಥೆ ಇದೆ. ಆದರೆ ನಾವು ಸುಮ್ನೆ ಕೂತಿದ್ದರೂ ಮೈಯಿಂದ ಚರ್ಮದ ಕಣಗಳು ಉದುರುತ್ತಲೇ ಇರುತ್ತವೆ, ಅವುಗಳ ಮೇಲೆ ಬ್ಯಾಕ್ಟೀರಿಯಾ ಕೂತಿರುತ್ತವೆ. ವಯಲ್ ತುಂಬುವ ಜಾಗದಲ್ಲಿ, ಅಂದರೆ ಗ್ರೇಡ್ ಎ ಪ್ರದೇಶದಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,520ಕ್ಕಿಂತ ಜಾಸ್ತಿ ಇರಬಾರದು. ಒಬ್ಬ ಮನುಷ್ಯ ಜೋರಾಗಿ ಕೈ ಬೀಸಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

ಅದಕ್ಕೇ ಮೀಡಿಯಾ ಫಿಲ್‌ಗೆ ಮೊದಲು ಗೌನಿಂಗ್ ಪರೀಕ್ಷೆ. ತಲೆಗವಸು, ಮಾಸ್ಕ್, ಇಡೀ ಮೈ ಮುಚ್ಚುವ ಉಡುಪು, ಬೂಟಿನ ಕವರ್, ಕನ್ನಡಕ, ಎರಡು ಜೊತೆ ಗ್ಲೌಸ್. ಉಡುಪಿನ ಹೊರಮೈ ನೆಲಕ್ಕಾಗಲಿ ಚರ್ಮಕ್ಕಾಗಲಿ ತಾಗದ ಹಾಗೆ ಇವನ್ನು ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೆ ಬೆರಳ ತುದಿ, ಮುಂಗೈ, ಎದೆಯ ಮೇಲೆ ಅಗರ್ ತಟ್ಟೆಗಳನ್ನು (ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿ ಇರುವ ತಟ್ಟೆಗಳು) ಒತ್ತಿ, ಏನು ಬೆಳೆಯುತ್ತದೆ ಅಂತ ನೋಡುತ್ತಾರೆ. ಬಳೆ, ಉಂಗುರ, ವಾಚು, ಪೌಡರ್, ಕಾಡಿಗೆ ಯಾವುದೂ ನಡೆಯುವುದಿಲ್ಲ. ಕುಂಕುಮ, ವಿಭೂತಿಯೂ ಪುಡಿಯೇ ಆದ್ದರಿಂದ ಅವೂ ಇಲ್ಲ. ನಮ್ಮ ಕಡೆಯ ಹೊಸಬರಿಗೆ ಇದು ಮೊದಮೊದಲು ಇರಿಸುಮುರಿಸು, ನಿಜ. ಕಾರಣ ಬಿಡಿಸಿ ಹೇಳದೆ ಬರೀ ಬೋರ್ಡ್ ಹಾಕಿದರೆ ಇರಿಸುಮುರಿಸು ಇನ್ನೂ ಜಾಸ್ತಿ.

ಇನ್ನು ಮೀಡಿಯಾ ಫಿಲ್. ದ್ರವ ಸಾಮಾನ್ಯವಾಗಿ ಸೋಯಾಬೀನ್ ಕೇಸಿನ್ ಡೈಜೆಸ್ಟ್ ಮೀಡಿಯಂ. ನೋಡಲು ತಿಳಿ ಹಳದಿ, ಏನಾದರೂ ಬೆಳೆದರೆ ಕದಡಿ ಮಂಕಾಗುತ್ತದೆ. ಐದರಿಂದ ಹತ್ತು ಸಾವಿರ ವಯಲ್ ತುಂಬುವುದು ವಾಡಿಕೆ. ಎಲ್ಲ ಸಲೀಸಾಗಿ ನಡೆದ ದಿನವನ್ನು ನಟಿಸುವುದಲ್ಲ, ಕೆಟ್ಟ ದಿನವನ್ನು ನಟಿಸುವುದೇ ಇದರ ತಿರುಳು. ಬೇಕಂತಲೇ ವಯಲ್ ಬೀಳಿಸಿ ಚಿಮಟದಿಂದ ತೆಗೆಯುತ್ತಾರೆ. ಮಷೀನ್ ನಿಲ್ಲಿಸಿ ಸೂಜಿ ಬದಲಿಸುತ್ತಾರೆ. ಬಿರಡೆ ಮುಗಿದ ಹಾಗೆ ಮಾಡಿ ಮತ್ತೆ ತುಂಬುತ್ತಾರೆ. ರೂಮಿನಲ್ಲಿ ಗರಿಷ್ಠ ಎಷ್ಟು ಜನ ಇರಬಹುದೋ ಅಷ್ಟೂ ಜನರನ್ನು ನಿಲ್ಲಿಸುತ್ತಾರೆ. ಶಿಫ್ಟ್ ಬದಲಾವಣೆಯೂ ಆಗಬೇಕು, ಸುಸ್ತೂ ಆಗಬೇಕು. ಕೈ ಹಾಕಿದ ಪ್ರತಿಯೊಂದು ಕೆಲಸವನ್ನೂ ಹೊತ್ತಿನ ಸಮೇತ ಬರೆದಿಡುತ್ತಾರೆ. ಮುಂದೆ ನಿಜವಾದ ಬ್ಯಾಚ್‌ನಲ್ಲಿ ಯಾರಾದರೂ ಏನಾದರೂ ಮಾಡಬೇಕಾಗಿ ಬಂದರೆ, ಅದು ಮೀಡಿಯಾ ಫಿಲ್‌ನಲ್ಲಿ ಮಾಡಿ ತೋರಿಸಿದ್ದೇ ಆಗಿರಬೇಕು.

ಒಳಗೆ ಕಲಿಯಬೇಕಾದ ದೊಡ್ಡ ಪಾಠಕ್ಕೆ ‘ಫಸ್ಟ್ ಏರ್’ ಅನ್ನುತ್ತಾರೆ. ಫಿಲ್ಟರ್‌ನಿಂದ ಇಳಿದ ಗಾಳಿ ಬೇರೆ ಯಾವುದಕ್ಕೂ ತಾಗದೆ ಮೊದಲು ತೆರೆದ ವಯಲ್‌ಗೆ ತಲುಪಬೇಕು. ನಿಮ್ಮ ಕೈ ನಡುವೆ ಬಂದರೆ ಗಾಳಿ ಕೈಯನ್ನು ತೊಳೆದುಕೊಂಡು ವಯಲ್‌ಗೆ ಇಳಿಯುತ್ತದೆ. ಇದನ್ನು ಬಾಯಲ್ಲಿ ಹೇಳಲು ಒಂದು ನಿಮಿಷ ಸಾಕು. ಮೂರು ಗಂಟೆ ನಿಂತ ಮೇಲೂ ಕೈ ತಾನಾಗಿ ಬದಿಯಿಂದ ಹೋಗುವ ಹಾಗೆ ಆಗಲು ವಾರಗಟ್ಟಲೆ ಅಭ್ಯಾಸ ಬೇಕು.

ಫಲಿತಾಂಶದ ನಿಯಮ ತುಂಬಾ ಬಿಗಿ. ಸೂಕ್ಷ್ಮಜೀವಿರಹಿತ ಔಷಧ ತಯಾರಿಕೆಗೆ ಯುರೋಪಿನ ನಿಯಮಾವಳಿ ಅನೆಕ್ಸ್ 1. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅದರ ಪರಿಷ್ಕೃತ ರೂಪದ ಪ್ರಕಾರ ಒಂದೇ ಒಂದು ವಯಲ್‌ನಲ್ಲಿ ಬೆಳೆದರೂ ಫೇಲ್. ಪ್ರತಿ ಲೈನು, ಪ್ರತಿ ಶಿಫ್ಟ್‌ಗೆ ವರ್ಷಕ್ಕೆ ಎರಡು ಸಲ ಮಾಡಬೇಕು. ಪ್ರತಿ ಆಪರೇಟರ್ ವರ್ಷಕ್ಕೆ ಒಮ್ಮೆಯಾದರೂ ಪಾಸಾದ ಮೀಡಿಯಾ ಫಿಲ್‌ನಲ್ಲಿ ಇದ್ದಿರಬೇಕು. ಇಪ್ಪತ್ತು ವರ್ಷ ಅನುಭವ ಇದ್ದವರಿಗೂ ಇದರಲ್ಲಿ ವಿನಾಯಿತಿ ಇಲ್ಲ. ನಮ್ಮಲ್ಲಿ ತಯಾರಾದ ಔಷಧ ಅಮೆರಿಕ, ಯುರೋಪ್‌ಗೆ ಹೋಗುವುದರಿಂದ ಅಲ್ಲಿಯ ಇನ್ಸ್‌ಪೆಕ್ಟರ್‌ಗಳು ಇಲ್ಲಿಗೆ ಬಂದು ಮೀಡಿಯಾ ಫಿಲ್ ದಾಖಲೆಗಳನ್ನು ಕೇಳಿ ನೋಡುತ್ತಾರೆ.

ಏನೂ ಬೆಳೆಯಲಿಲ್ಲ ಅಂದಾಕ್ಷಣ ಪಾಸಲ್ಲ, ಇದು ನನಗೆ ತುಂಬಾ ಇಷ್ಟವಾದ ಭಾಗ. ದ್ರವವೇ ಕೆಟ್ಟಿದ್ದು ಅದರಲ್ಲಿ ಏನೂ ಬೆಳೆಯದೆ ಹೋಗಿರಬಹುದಲ್ವಾ? ಅದಕ್ಕೇ ಕೆಲವು ವಯಲ್‌ಗಳಿಗೆ ಗೊತ್ತಿರುವ ಸೂಕ್ಷ್ಮಜೀವಿಗಳನ್ನು ಬೇಕಂತಲೇ ಹಾಕಿ, ಅವು ಬೆಳೆಯುತ್ತವೆ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ.

ಬೆಳೆದರೆ ಪತ್ತೇದಾರಿ ಕೆಲಸ ಶುರು. ಸ್ಟೆಫೈಲೊಕಾಕಸ್, ಮೈಕ್ರೊಕಾಕಸ್ ಸಿಕ್ಕರೆ ಅನುಮಾನ ಮನುಷ್ಯರ ಚರ್ಮದ ಮೇಲೆ. ಬ್ಯಾಸಿಲಸ್ ಆದರೆ ದೂಳು, ರಟ್ಟಿನ ಪೆಟ್ಟಿಗೆ. ಸ್ಯೂಡೊಮೊನಾಸ್ ಆದರೆ ನೀರು. ಒಂದು ಪ್ರಕರಣವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನ್ನ ಮಾರ್ಗದರ್ಶಿಯಲ್ಲೇ ದಾಖಲಿಸಿದೆ. ಒಂದು ಕಂಪನಿಯ ಮೀಡಿಯಾ ಫಿಲ್ ಮತ್ತೆ ಮತ್ತೆ ಫೇಲಾಗುತ್ತಿತ್ತು. ಮಾಮೂಲಿ ವಿಧಾನಗಳಲ್ಲಿ ಯಾವ ಜೀವಿ ಅಂತ ತಿಳಿಯಲಿಲ್ಲ. ಕೊನೆಗೆ ಬ್ಯಾಕ್ಟೀರಿಯಾಗಳ ಗುರುತು ಹಿಡಿಯಲು ಓದುವ 16ಎಸ್ ಆರ್‌ಆರ್‌ಎನ್‌ಎ ಜೀನ್‌ನ ಸೀಕ್ವೆನ್ಸಿಂಗ್ ಮಾಡಿದಾಗ ಸಿಕ್ಕಿದ್ದು ಅಕೊಲಿಪ್ಲಾಸ್ಮಾ ಲೇಡ್ಲಾವಿ ಅನ್ನುವ ಬ್ಯಾಕ್ಟೀರಿಯಾ. ಇದಕ್ಕೆ ಕೋಶಭಿತ್ತಿಯೇ ಇಲ್ಲ, ಆದ್ದರಿಂದ 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ನುಸುಳಿಬಿಡುತ್ತದೆ. ಬಂದಿದ್ದು ಎಲ್ಲಿಂದ? ಮೀಡಿಯಾ ದ್ರವ ತಯಾರಿಸುವ ಪುಡಿಯಿಂದಲೇ! ಪರೀಕ್ಷೆಯ ಸಾಮಗ್ರಿಯೇ ಕೆಟ್ಟಿತ್ತು, ಕೆಲಸಗಾರರ ತಪ್ಪೇನೂ ಇರಲಿಲ್ಲ. ಈಗ ವಿಕಿರಣದಿಂದ ಶುದ್ಧ ಮಾಡಿದ ಪುಡಿ ಬಳಸಿ, ಇಲ್ಲವಾದರೆ 0.1 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಅನ್ನುವ ಸಲಹೆ ಇದೆ. ‘ಹೊಸಬನದ್ದೇ ತಪ್ಪು’ ಅಂತ ಫೈಲ್ ಮುಚ್ಚುವವರು ಈ ಕತೆಯನ್ನು ಒಮ್ಮೆ ಓದಬೇಕು.

ಇದೆಲ್ಲ ಕಾಲೇಜಿನಲ್ಲಿ ಯಾಕೆ ಸಿಗುವುದಿಲ್ಲ? ನಮ್ಮ ಬಿಎಸ್ಸಿ, ಎಂಎಸ್ಸಿ ಸಿಲಬಸ್‌ಗಳ ಒಲವು ಸಂಶೋಧನೆಯ ಕಡೆ. ಕ್ಲೋನಿಂಗ್, ಪಿಸಿಆರ್ ಎಲ್ಲ ಇರುತ್ತದೆ. ಅಸೆಪ್ಟಿಕ್ ಕೆಲಸ ಅಂದರೆ ಲ್ಯಾಮಿನಾರ್ ಫ್ಲೋ (ಸೋಸಿದ ಗಾಳಿ ಹರಿಯುವ ಕ್ಯಾಬಿನೆಟ್) ಮುಂದೆ ನಾಲ್ಕು ಜನ ನಿಂತು, ಮಾತಾಡುತ್ತಾ, ಸ್ಪಿರಿಟ್ ದೀಪದ ಪಕ್ಕ ಸರದಿಯಲ್ಲಿ ಒಂದೊಂದು ಪ್ಲೇಟ್ ಮಾಡುವುದು. ಪ್ರಾಣಿಕೋಶ ಬೆಳೆಸುವ ಲ್ಯಾಬ್‌ಗಳಲ್ಲಿ ದ್ರವಕ್ಕೆ ಮೊದಲೇ ಆಂಟಿಬಯೋಟಿಕ್ ಹಾಕಿರುತ್ತಾರೆ. ಕೈ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಎರಡು ವರ್ಷ ಹಾಗೆ ಕೆಲಸ ಮಾಡಿದವರಿಗೆ ತಮ್ಮ ಕೈ ಶುದ್ಧ ಅನ್ನುವ ನಂಬಿಕೆ ಬಂದುಬಿಡುತ್ತದೆ. ನಂಬಿಕೆ ಅವರದ್ದು, ಕೆಲಸ ಆಂಟಿಬಯೋಟಿಕ್‌ದು.

ಈ ಅಂತರ ತುಂಬಲು ಪ್ರಯತ್ನಗಳು ಆಗಿವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ತರಬೇತಿ ಯೋಜನೆ ಪದವೀಧರರನ್ನು ಕೆಲವು ತಿಂಗಳು ಕಂಪನಿಗಳಿಗೆ ಕಳಿಸಿದೆ. ಕರ್ನಾಟಕ ಸರ್ಕಾರ ಕಾಲೇಜುಗಳಲ್ಲಿ ಬಯೋಟೆಕ್ ಫಿನಿಶಿಂಗ್ ಸ್ಕೂಲ್‌ಗಳನ್ನು ಶುರು ಮಾಡಿತು. ಬೆಂಗಳೂರಿನ ಬಯೋಕಾನ್ ಅಮೆರಿಕದ ಕೆಕ್ ಗ್ರ್ಯಾಜುಯೇಟ್ ಇನ್ಸ್ಟಿಟ್ಯೂಟ್ ಜೊತೆ ಸೇರಿ ಅಕಾಡೆಮಿ ನಡೆಸಿತು. ಹೊರಗೆ ಇನ್ನೊಂದು ದಾರಿ ಇದೆ: ಔಷಧ ಮಾರದ, ಬರೀ ಕಲಿಯುವುದಕ್ಕೆಂದೇ ಕಟ್ಟಿದ ಕಾರ್ಖಾನೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಬಿಟೆಕ್ (BTEC, ಪದವಿಯ ಹೆಸರಲ್ಲ) ಕೇಂದ್ರ, ಡಬ್ಲಿನ್‌ನ ನಿಬರ್ಟ್ ಅಂಥವು. ಬಿಟೆಕ್‌ಗೆ ದುಡ್ಡು ಕೊಟ್ಟ ಗೋಲ್ಡನ್ ಲೀಫ್ ಪ್ರತಿಷ್ಠಾನದ ಹಣ ಬಂದಿದ್ದು ತಂಬಾಕು ಕಂಪನಿಗಳು ಕಟ್ಟಿದ ಪರಿಹಾರದಿಂದ. ಹೊಗೆಸೊಪ್ಪು ಬೆಳೆಯುವ ಸೀಮೆಯ ಮಕ್ಕಳು ಆ ದುಡ್ಡಿನಲ್ಲಿ ಲಸಿಕೆ ತಯಾರಿಸುವುದು ಕಲಿಯುತ್ತಾರೆ.

ಅಷ್ಟು ದೊಡ್ಡ ಕಟ್ಟಡ ಎಲ್ಲ ಕಾಲೇಜಿಗೂ ಆಗದ ಮಾತು. ಆದರೆ ಪುಟ್ಟ ಮೀಡಿಯಾ ಫಿಲ್ ಮಾಡಲು ಲ್ಯಾಮಿನಾರ್ ಫ್ಲೋ, ಆಟೋಕ್ಲೇವ್, ಇನ್ಕ್ಯುಬೇಟರ್, ಒಂದು ಡಬ್ಬ ಮೀಡಿಯಾ ಪುಡಿ ಇದ್ದರೆ ಆಯಿತು. ಇವೆಲ್ಲ ಬಯೋಟೆಕ್ ವಿಭಾಗಗಳಲ್ಲಿ ಇರುವಂಥವೇ. ಒಬ್ಬ ವಿದ್ಯಾರ್ಥಿ, ಒಬ್ಬನೇ ಕೂತು, ಆಂಟಿಬಯೋಟಿಕ್ ಇಲ್ಲದ ದ್ರವವನ್ನು ಐವತ್ತು ಟ್ಯೂಬ್‌ಗಳಿಗೆ ವರ್ಗಾಯಿಸಲಿ. ನಡುವೆ ಒಂದು ಟ್ಯೂಬ್ ಬೀಳಿಸಿ ಎತ್ತಲಿ, ಒಮ್ಮೆ ಗ್ಲೌಸ್ ಬದಲಿಸಲಿ. ಪಕ್ಕದಲ್ಲಿ ಗೆಳೆಯ ನಿಂತು ಕೈ ಎಲ್ಲೆಲ್ಲಿ ಹೋಯಿತು ಅಂತ ಬರೆದುಕೊಳ್ಳಲಿ. ಆಮೇಲೆ ಕದಡಿದ ಟ್ಯೂಬ್ ಸಿಕ್ಕರೆ ಆ ಪಟ್ಟಿ ಮುಂದಿಟ್ಟುಕೊಂಡು, ಗ್ರಾಂ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾದ ಗುಂಪು ಗುರುತಿಸುವ ಪರೀಕ್ಷೆ) ಮಾಡಿ, ಎಲ್ಲಿಂದ ಬಂತು ಅಂತ ಇಬ್ಬರೂ ಹುಡುಕಲಿ. 14 ದಿನ ಕಾಯಬೇಕು ಅನ್ನುವುದೊಂದೇ ತೊಡಕು. ಒಂದು ಬ್ಯಾಚಿನ ಎರಡು ಪ್ರಾಕ್ಟಿಕಲ್‌ಗಳ ನಡುವೆ ಅಷ್ಟು ಅಂತರ ಎಷ್ಟೋ ಕಾಲೇಜುಗಳಲ್ಲಿ ಹೇಗೂ ಇರುತ್ತದೆ.