ಪಾಟೀಸವಾಲು ಬಾಕಿ ಉಳಿದಾಗ

ಸಾಕ್ಷಿ ಕಟಕಟೆಯಲ್ಲಿ ನಿಂತಿರುವಾಗಲೇ, ಹಿರಿಯರು ಬೇರೆ ಕೋರ್ಟಿನಲ್ಲಿದ್ದಾರೆ, ಪಾಟೀಸವಾಲಿಗೆ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಲು, ಇನ್ನೊಂದು ದಿನ ಕೊಡಿ ಎಂದು ಕಿರಿಯ ವಕೀಲರು ಕೇಳುವುದುಂಟು. ಆಗೆಲ್ಲ ನನಗೆ ಅಲಿಪುರ ಬಾಂಬ್ ಮೊಕದ್ದಮೆಯ ನರೇಂದ್ರನಾಥ ಗೋಸ್ವಾಮಿ ನೆನಪಾಗುತ್ತಾನೆ.

1908ರ ಏಪ್ರಿಲ್ 30ರಂದು ಮುಜಫ್ಫರಪುರದಲ್ಲಿ ಬಾಂಬ್ ಸಿಡಿದ ಬೆನ್ನಲ್ಲೇ ಪೊಲೀಸರು ಕಲ್ಕತ್ತೆಯ ಮಾಣಿಕತಲಾ ತೋಟಕ್ಕೆ ನುಗ್ಗಿ ಬಾರೀಂದ್ರ ಘೋಷ್ ಮತ್ತು ಸಂಗಡಿಗರನ್ನು ಹಿಡಿದರು. ಬಾರೀಂದ್ರರ ಅಣ್ಣ ಅರವಿಂದರೂ ಬಂಧನಕ್ಕೊಳಗಾದರು. ಆರೋಪಿಗಳಲ್ಲೊಬ್ಬನಾದ ಗೋಸ್ವಾಮಿ ಕ್ಷಮಾದಾನ ಪಡೆದು ಮಾಫಿಸಾಕ್ಷಿಯಾದ, ಅಂದರೆ ಸಂಗಡಿಗರ ವಿರುದ್ಧ ಸರ್ಕಾರದ ಪರ ಸಾಕ್ಷಿ ಹೇಳಲು ಒಪ್ಪಿದ. ಮ್ಯಾಜಿಸ್ಟ್ರೇಟ್ ಬರ್ಲಿ ಅವರ ಮುಂದೆ ಅವನು ಒಬ್ಬೊಬ್ಬರ ಹೆಸರನ್ನೂ ಹೇಳಿದ. ಅರವಿಂದರನ್ನೂ ಬಿಡಲಿಲ್ಲ. ಆದರೆ ಆರೋಪಿಗಳ ಪರ ವಕೀಲರಿಗೆ ಅವನನ್ನು ಪ್ರಶ್ನಿಸುವ ಅವಕಾಶ ಸಿಗುವ ಮೊದಲೇ, ಆಗಸ್ಟ್ 31ರಂದು, ಕನಾಯಿಲಾಲ್ ದತ್ತ ಮತ್ತು ಸತ್ಯೇಂದ್ರನಾಥ ಬಸು ಜೈಲಿನೊಳಗೇ ಅವನನ್ನು ಗುಂಡಿಟ್ಟು ಕೊಂದರು. ಅದೇ ವರ್ಷದ ನವೆಂಬರಿನಲ್ಲಿ ಇಬ್ಬರನ್ನೂ ಗಲ್ಲಿಗೇರಿಸಲಾಯಿತು.

ಸಾಕ್ಷಿ ಸತ್ತ, ಹೇಳಿಕೆ ಕಡತದಲ್ಲಿತ್ತು. ಸತ್ತವನ ಹಿಂದಿನ ಸಾಕ್ಷ್ಯವನ್ನು ಮುಂದಿನ ವಿಚಾರಣೆಯಲ್ಲಿ ಬಳಸಲು 1872ರ ಸಾಕ್ಷ್ಯ ಅಧಿನಿಯಮದ 33ನೇ ಕಲಂ ದಾರಿ ಕೊಡುತ್ತಿತ್ತು, ಎದುರು ಪಕ್ಷಕ್ಕೆ ಪಾಟೀಸವಾಲಿನ ಹಕ್ಕೂ ಅವಕಾಶವೂ ಇದ್ದಿರಬೇಕು ಎಂಬ ಷರತ್ತಿನೊಡನೆ. ಇಲ್ಲಿ ಆ ಅವಕಾಶ ಇರಲಿಲ್ಲ. ಹಾಗಾಗಿ ಸೆಷನ್ಸ್ ನ್ಯಾಯಾಧೀಶ ಬೀಚ್‌ಕ್ರಾಫ್ಟ್ ಮುಂದೆ ಅದು ಸಾಕ್ಷ್ಯವಾಗಿ ನಿಲ್ಲಲಿಲ್ಲ. ವಸಾಹತು ಸರ್ಕಾರ ಅಷ್ಟು ಹಟ ತೊಟ್ಟು ನಡೆಸಿದ ಮೊಕದ್ದಮೆಯಲ್ಲಿ, ಆ ಸರ್ಕಾರದ್ದೇ ನ್ಯಾಯಾಧೀಶರೆದುರು ಒಂದು ಷರತ್ತಿಗೆ ಇಷ್ಟು ಬೆಲೆ ಸಿಕ್ಕಿತಲ್ಲ ಎಂದು ಪ್ರತಿ ಬಾರಿ ಓದುವಾಗಲೂ ನನ್ನ ಮನಸ್ಸು ತುಂಬಿಬರುತ್ತದೆ.

ಸರ್ಕಾರದ ಪರ ಈಯರ್ಡ್ಲಿ ನಾರ್ಟನ್ 206 ಸಾಕ್ಷಿಗಳನ್ನು ನಿಲ್ಲಿಸಿದರು. ಅರವಿಂದರ ಪರ ಚಿತ್ತರಂಜನ್ ದಾಸ್ ವಾದಿಸಿದರು. 1909ರ ಮೇ 6ರ ತೀರ್ಪಿನಲ್ಲಿ ಅರವಿಂದರು ಬಿಡುಗಡೆಯಾದರು. ಬಾರೀಂದ್ರ ಮತ್ತು ಉಲ್ಲಾಸ್ಕರ್ ದತ್ತರಿಗೆ ಗಲ್ಲುಶಿಕ್ಷೆಯಾಯಿತು. ಹೈಕೋರ್ಟು ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿತು.

ಕಿರಿಯರು ಈ ಕತೆಯಲ್ಲಿ ಒಂದು ಪದವನ್ನು ತಪ್ಪಾಗಿ ಓದುತ್ತಾರೆ. ಕಲಂ ಕೇಳುವುದು ಪಾಟೀಸವಾಲು ನಡೆಯಿತೇ ಎಂದಲ್ಲ, ಅವಕಾಶ ಇತ್ತೇ ಎಂದು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 27ನೇ ಕಲಮಿನಲ್ಲೂ ಮಾತು ಅದೇ. ನ್ಯಾಯಾಲಯ ಅವಕಾಶ ಕೊಟ್ಟಾಗ ನಾವೇ ದಿನ ಕೇಳಿ ಮನೆಗೆ ಹೋಗಿ, ಅಷ್ಟರಲ್ಲಿ ಸಾಕ್ಷಿ ತೀರಿಕೊಂಡರೆ, ಗೋಸ್ವಾಮಿಯ ಉದಾಹರಣೆ ನಮ್ಮ ಕೈಹಿಡಿಯುತ್ತದೆ ಎಂದು ನಂಬುವಂತಿಲ್ಲ. ಮುಖ್ಯ ವಿಚಾರಣೆಯಲ್ಲಿ, ಅಂದರೆ ಕರೆಸಿದ ಪಕ್ಷದ ವಕೀಲರ ಪ್ರಶ್ನೆಗಳಿಗೆ ಉತ್ತರವಾಗಿ, ಆ ಸಾಕ್ಷಿ ಆಡಿದ್ದು ಕಕ್ಷಿದಾರನ ಕೊರಳಿಗೇ ಬೀಳಬಹುದು.

ವಯಸ್ಸಾದ ಸಾಕ್ಷಿಯೊಬ್ಬರ ಪಾಟೀಸವಾಲನ್ನು ನಾನೂ ಒಮ್ಮೆ ಹೀಗೆ ಮುಂದೂಡಿಸಿಕೊಂಡಿದ್ದೆ. ಮುಂದಿನ ದಿನಾಂಕಕ್ಕೆ ಅವರು ಬರಲಿಲ್ಲ. ಅವರ ಮರಣ ಪ್ರಮಾಣಪತ್ರ ಬಂತು. ಕೋರ್ಟು ಪ್ರತಿ ದಿನಾಂಕದ ಆದೇಶ ಬರೆದಿಡುವ ಆರ್ಡರ್ ಶೀಟಿನಲ್ಲಿ ಮುಂದೂಡಿಕೆ ನನ್ನ ಕೋರಿಕೆಯ ಮೇರೆಗೆ ಎಂದೇ ಬರೆದಿತ್ತು.